ಹಮೀದಾ ಮಾಡಿದ ಪನ್ಸಿಟ್

ರಾಣೆಬೆನ್ನೂರಿನ ಹಮೀದಾ ಫಾರ್ಮಿಂಗ್ಟನ್ ಹಿಲ್ಸಿಗೆ ಬಂದು ಹದಿನೆಂಟು ವರ್ಷವಾದರೂ ಒಮ್ಮೆಯೂ ಕಾರು ಓಡಿಸಿಕೊಂಡು ಫ್ರೀವೇ ಹೆದ್ದಾರಿ ಹತ್ತಿದವಳಲ್ಲ. ಮಸೀದಿ, ಮಕ್ಕಳ ಶಾಲೆ, ಕಿರಾಣಿ ಅಂಗಡಿ, ಅಷ್ಟಕ್ಕೇ ಅವಳ ಡ್ರೈವಿಂಗ್ ಮುಗಿಯುತ್ತಿತ್ತು. ಅಡುಗೆಮನೆಯಲ್ಲಿ ಮಾತ್ರ ಅವಳದೇ ದರ್ಬಾರು. ಸಾರಿಗೆ ಉಪ್ಪು ಕಡಿಮೆ ಎನ್ನಲು ಗಂಡ ಅಕ್ರಮ್ ಕೂಡ ಹೆದರುತ್ತಿದ್ದ.

ಇಂಥವಳು ಇಂಗ್ಲಿಷ್ ಕಲಿತದ್ದು, ಹಿಮದಲ್ಲಿ ಜಾರದೆ ನಡೆಯಲು ಕಲಿತದ್ದು ಪಕ್ಕದ ಮನೆಯ ಲಿಗಾಯಾಳಿಂದ. ಲಿಗಾಯಾ ಫಿಲಿಪೀನ್ಸಿನವಳು, ಆಸ್ಪತ್ರೆಯಲ್ಲಿ ನರ್ಸ್. ಹಮೀದಾಳ ಮಕ್ಕಳ ಒಂದೊಂದು ಹುಟ್ಟುಹಬ್ಬಕ್ಕೂ ತಪ್ಪದೆ ಪನ್ಸಿಟ್ ಮಾಡಿ ತರುತ್ತಿದ್ದಳು. ಬೆಳ್ಳುಳ್ಳಿ, ಕೋಳಿ, ಎಲೆಕೋಸು, ಕ್ಯಾರೆಟ್ ಹುರಿದು, ಸೋಯಾ ಸಾಸ್ ಹಾಕಿ ಬೇಯಿಸಿದ ಸಣ್ಣ ಅಕ್ಕಿ ಶಾವಿಗೆ ಅದು. ಕೋಳಿ ಹಲಾಲ್ ಅಂಗಡಿಯದೇ. ಹಂದಿ ಮಾಂಸ ಸೋಕದ ಬಾಣಲೆಯೊಂದನ್ನು ಇದಕ್ಕೆಂದೇ ಬೇರೆ ಇಟ್ಟಿದ್ದಳು ಪುಣ್ಯಾತ್ಗಿತ್ತಿ. "ಎಳೆ ತುಂಡಾಗಬಾರದು. ಎಷ್ಟು ಉದ್ದವೋ ಅಷ್ಟು ಆಯಸ್ಸು," ಎಂದು ಪ್ರತಿ ಸಲವೂ ಹೇಳುತ್ತಿದ್ದಳು.

೨೦೦೪ರ ಮಾರ್ಚಿನಲ್ಲಿ ಲಿಗಾಯಾಳಿಗೆ ಐವತ್ತೈದು ತುಂಬುವ ಹೊತ್ತಿಗೆ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಕೀಮೋದಿಂದ ಸೋತ ಅವಳಿಗೆ ಒಲೆಯ ಮುಂದೆ ನಿಲ್ಲುವ ತ್ರಾಣವಿರಲಿಲ್ಲ. ಈ ಸಲದ ಪನ್ಸಿಟ್ ತಾನೇ ಮಾಡುವುದಾಗಿ ಹಮೀದಾ ಒಪ್ಪಿಕೊಂಡಳು. ಲಿಗಾಯಾಳ ಗಂಡ ರೋಮಿ ಇಪ್ಪತ್ತು ಮೈಲಿ ಡ್ರೈವ್ ಮಾಡಿ ಮೂರು ಕಟ್ಟು ಶಾವಿಗೆ ತಂದುಕೊಟ್ಟ.

ಗೆಳತಿ ಬದುಕಬೇಕು. ಹಮೀದಾ ಐದು ಹೊತ್ತಿನ ನಮಾಜಿನಲ್ಲೂ ಬೇಡಿಕೊಂಡದ್ದು ಅದೊಂದನ್ನೇ. ಆದರೆ ನಿಜ ಹೇಳಬೇಕಲ್ಲ, ಲಿಗಾಯಾ ಕಾಯಿಲೆಯ ಮಾತೆತ್ತಿದರೆ ಮೊದಲು ಬಾಯಿ ಮುಚ್ಚಿಸುತ್ತಿದ್ದವಳೂ ಇವಳೇ. "ಏನೂ ಆಗಂಗಿಲ್ಲ, ಸುಮ್ನಿರು," ಎಂದು ಮಾತು ತಿರುಗಿಸಿಬಿಡುತ್ತಿದ್ದಳು.

ಹುಟ್ಟುಹಬ್ಬದ ದಿನ ಮಧ್ಯಾಹ್ನ ನೆನೆಹಾಕಲು ಶಾವಿಗೆ ಕಟ್ಟನ್ನು ಕೈಗೆತ್ತಿಕೊಂಡಳು. ಮೂವತ್ತು ವರ್ಷ ಉಪ್ಪಿಟ್ಟಿಗೆ, ಈದ್‌ನ ಹಾಲಿನ ಪಾಯಸ ಸುರಕುಂಬಾಕ್ಕೆ ಶಾವಿಗೆ ಮುರಿದ ಕೈ ಅದು. ಲಟಲಟನೆ ಮುರಿಯಿತು. ಮೂರು ಕಟ್ಟೂ ತುಂಡುತುಂಡಾಗಿ ನೀರಿಗೆ ಬಿದ್ದ ಮೇಲೆ ಅವಳಿಗೆ ಎಚ್ಚರವಾಯಿತು.

"ಯಾ ಅಲ್ಲಾ, ಏನ್ ಮಾಡಿಬಿಟ್ಟೆ ನಾನು!"

ಹದಿನೈದರ ಮಗಳು ಆಯೆಷಾ ಓಡಿಬಂದಳು. "ಇಟ್ಸ್ ಜಸ್ಟ್ ನೂಡಲ್ಸ್, ಮಾಮ್."

"ನಿನಗೇನ್ ಗೊತ್ತದ? ಆಕಿ ಆಯಸ್ಸು ಮುರದೀನಿ ನಾನು!"

ಬೇರೆ ತರೋಣವೆಂದರೆ ಅಂಗಡಿ ಇಪ್ಪತ್ತು ಮೈಲಿ ದೂರ, ಅವಳು ಫ್ರೀವೇ ಹತ್ತುವವಳಲ್ಲ; ಅಕ್ರಮ್ ದೂರದ ವಾರೆನ್ ಊರಿನ ಆಫೀಸಿನಲ್ಲಿದ್ದ, ಲಿಗಾಯಾಳ ಮನೆಗೆ ಜನ ಬರಲು ಒಂದೇ ಗಂಟೆ ಉಳಿದಿತ್ತು. ಹಮೀದಾ ಅದನ್ನೇ ಬೇಯಿಸಿ, ತುಂಡುಗಳು ಕಾಣದಂತೆ ಮೇಲೆ ಬೇಯಿಸಿದ ಮೊಟ್ಟೆಯ ಹೋಳು ಒತ್ತೊತ್ತಾಗಿ ಜೋಡಿಸಿ ಮುಚ್ಚಿದಳು.

ಪಕ್ಕದ ಮನೆಗೆ ಒಯ್ದಾಗ ಲಿಗಾಯಾ ಒಳಕೋಣೆಯಲ್ಲಿ ದಿಂಬಿಗೊರಗಿ ಕುಳಿತಿದ್ದಳು. ಹಾಲ್‌ನಲ್ಲಿ ರೋಮಿ, ಮಕ್ಕಳು, ನೆಂಟರು ಕೇಕಿಗೆ ಮೇಣದಬತ್ತಿ ಚುಚ್ಚುತ್ತಿದ್ದರು. ಹಮೀದಾ ತಟ್ಟೆ ಕೊಟ್ಟು ಅಲ್ಲೇ ನಿಂತಳು. ಲಿಗಾಯಾ ಫೋರ್ಕ್ ಎತ್ತಿದಳು. ಬೆರಳುದ್ದದ ಚೂರುಗಳು ಉದುರಿದವು. ಇನ್ನೊಮ್ಮೆ ಎತ್ತಿದಳು, ಮತ್ತೆ ಅದೇ.

"ಬೇಕಂತ ಮಾಡಿಲ್ಲ ಲಿಗಾಯಾ. ಕೈ ತಾನೇ ಎಳೆ ಮುರೀತು. ನನ್ನ ಕೈಗೆ ಬೆಂಕಿ ಬೀಳಲಿ," ಎಂದು ಹಮೀದಾ ಅಳತೊಡಗಿದಳು.

ಲಿಗಾಯಾ ಬಯ್ಯಲಿಲ್ಲ. ಬಾಗಿಲು ಹಾಕು ಎಂದು ಸನ್ನೆ ಮಾಡಿದಳು.

"ನಾನು ಮೂವತ್ತು ವರ್ಷದಿಂದ ನರ್ಸ್, ಹಮೀದಾ. ನನ್ನ ಸ್ಕ್ಯಾನ್ ನಾನೇ ನೋಡಿದೀನಿ. ಈ ಕೀಮೋ ನಂಗೆ ಸಾಕು. ಆಸ್ಪತ್ರೇಲಿ ಅಲ್ಲ, ಈ ಮನೇಲಿ ಸಾಯಬೇಕು ನಾನು. ರೋಮಿಗೆ ಹೇಳೋಕೆ ಹೋದ್ರೆ ಎದ್ದು ಹೋಗ್ತಾನೆ. ಮಕ್ಕಳು ಜಗಳ ಆಡ್ತಾರೆ. ನೀನಂತೂ ಬಾಯಿ ಬಿಡೋಕೇ ಬಿಡಲ್ಲ. ಎಲ್ಲಾರೂ ನೂರು ವರ್ಷ ಬದುಕು ಅಂತೀರಿ. ಉಳಿದಿರೋ ನಾಲ್ಕು ದಿನದ ಮಾತು ಯಾರ ಹತ್ರ ಆಡಲಿ?"

ಹಮೀದಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಇಷ್ಟು ದಿನ ತಾನು ಕಾಪಾಡಿಕೊಂಡದ್ದು ಗೆಳತಿಯನ್ನಲ್ಲ, ತನ್ನ ಧೈರ್ಯವನ್ನು ಮಾತ್ರ. ಮಂಚದ ಅಂಚಿನಲ್ಲಿ ಕುಳಿತಳು.

"ಹೇಳು. ಕೇಳ್ತೀನಿ."

ಲಿಗಾಯಾ ಹೇಳಿದಳು: ಸತ್ತ ಮೇಲೆ ತನಗೆ ಯಾವ ಉಡುಪು ಹಾಕಬೇಕು, ನೋವಿಗೆ ಯಾವ ಔಷಧಿ ಸಾಕು, ಯಾವಾಗ ಆಂಬುಲೆನ್ಸ್ ಕರೆಯಬಾರದು. ಹಮೀದಾ ಒಂದು ಮಾತಿಗೂ ಅಡ್ಡ ಬರಲಿಲ್ಲ. ಹೊರಗಿನಿಂದ ಕೇಕ್ ಕೊಯ್ಯಲು ಕರೆದರು.

ಹಮೀದಾ ಎದ್ದು ಹೋಗಿ ಬಾಗಿಲು ತೆರೆದಳು. "ರೋಮಿ, ಕೇಕ್ ಆಮ್ಯಾಲೆ. ಒಳಗ ಬರ್ರಿ. ಲಿಗಾಯಾ ಮಾತಾಡೋದದ. ಆಕಿ ಹೇಳಿ ಮುಗಸೂತನಕಾ ಯಾರೂ ಅಳಬಾರದು."

ಹೇಳುವಾಗ ಅವಳೇ ಬಿಕ್ಕುತ್ತಿದ್ದಳು.