ಗೋಡೆಗೆ ಮುಖ ಮಾಡಿ ಮಲಗಿದವಳು

ಕುಟುಂಬ ಕಲ್ಯಾಣ ಕೇಂದ್ರದಲ್ಲಿ ನನ್ನ ಕೆಲಸ ಜನರನ್ನು ಇಲ್ಲಿಂದ ಅಲ್ಲಿಗೆ ಕಳಿಸುವುದು. ರಕ್ತ ಕಡಿಮೆಯಿದ್ದವರನ್ನು ದೊಡ್ಡಾಸ್ಪತ್ರೆಗೆ, ಗಂಡ ಹೊಡೆಯುವವರನ್ನು ಮಹಿಳಾ ಸಂಘಕ್ಕೆ, ಹೀಗೆ. ಹೋದರೋ ಇಲ್ಲವೋ ಎಂದು ಮನೆಗೇ ಹೋಗಿ ನೋಡುತ್ತಿದ್ದೆ. ಯಾರ ಬಾಯಿಮಾತನ್ನೂ ನಾನು ನಂಬುತ್ತಿರಲಿಲ್ಲ. ಅವರೂ ನನ್ನನ್ನು ನಂಬುತ್ತಿರಲಿಲ್ಲ. ಜನರನ್ನು ಹಿಡಿದು ಸಂತಾನಹರಣ ಆಪರೇಷನ್ ಮಾಡಿಸುತ್ತಿದ್ದ ಎಮರ್ಜೆನ್ಸಿ ಮುಗಿದು ಮೂರ್ನಾಲ್ಕು ವರ್ಷವಾಗಿದ್ದರೂ ಚಾಮರಾಜಪೇಟೆಯ ವಠಾರಗಳಲ್ಲಿ ನನ್ನನ್ನು ಕಂಡರೆ ಗಂಡಸರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಅಂಥ ಒಂದು ವಠಾರದಿಂದ ಎರಡು ಮಕ್ಕಳ ತಾಯಿಯೊಬ್ಬಳು ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಬಂದಳು. ಅವಳ ಏದುಸಿರು ಕೇಳಿ ಅನುಮಾನವಾಗಿ ಹೃದಯದ ಡಾಕ್ಟರ ಬಳಿ ಕಳಿಸಿದೆ. ಅವರು ಖಡಾಖಂಡಿತವಾಗಿ ಹೇಳಿದರು: ಇನ್ನೊಂದು ಬಸಿರಾದರೆ ಈಕೆ ಉಳಿಯುವುದಿಲ್ಲ, ಆಪರೇಷನ್ನನ್ನೂ ಈ ಹೃದಯ ತಡೆದುಕೊಳ್ಳುವುದಿಲ್ಲ, ಗಂಡನೇ ಮಾಡಿಸಿಕೊಳ್ಳಲಿ.

ಗಂಡ ಮಾಮೂಲ್‌ಪೇಟೆಯಲ್ಲಿ ಮೂಟೆ ಹೊರುವವನು. "ಹೋಗ್ತೀನಿ ಮೇಡಂ, ಸೋಮವಾರ ಗ್ಯಾರಂಟಿ" ಎಂದ. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಸರಿಬರಲಿಲ್ಲ. ಅವನ ತಾಯಿಯಂತೂ ಹಿಂದಿನ ವಾರವೇ ನನ್ನ ಮುಖಕ್ಕೆ ಹೇಳಿದ್ದಳು. "ನನ್ ಮಗನ್ ಮೈಗೆ ಕತ್ತಿ ಹಾಕ್ಸಿದ್ರೆ ನಾಳೆ ಮೂಟೆ ಯಾರು ಎತ್ತೋದು? ನೀವು ಬಂದು ಹೊರ್ತೀರಾ?"

ಬುಧವಾರ ಹೋದೆ. ತಾಯಿ ಬಾಗಿಲಲ್ಲೇ ತಡೆದಳು.

"ಆಪರೇಷನ್ ಆಯ್ತಲ್ಲ, ಇನ್ಯಾಕ್ ಬಂದ್ರಿ?"

"ಯಾರಿಗೆ ಆಯ್ತು?"

"ಇನ್ಯಾರಿಗೆ? ಸೊಸೆಗೆ."

ಮುದುಕಿಯನ್ನು ಸರಿಸಿ ಒಳಗೆ ನುಗ್ಗಿದೆ. ಸೊಸೆ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಾಗಿಲ ಪಕ್ಕ ಕೂತಿದ್ದ ಗಂಡ ನನ್ನನ್ನು ನೋಡಿ ಕಣ್ಣು ತಪ್ಪಿಸಿದ. ತಾನು ಪಾರಾಗಲು ಹೆಂಡತಿಯನ್ನು ಇನ್ನೆಲ್ಲಿಗೋ ಕರೆದೊಯ್ದು, ಹೃದಯದ ವಿಷಯ ಮುಚ್ಚಿಟ್ಟು ಆಪರೇಷನ್ ಮಾಡಿಸಿದ್ದಾನೆ ಎಂದುಕೊಂಡೆ. ನಾಲ್ಕು ಬಾರಿಸುವಷ್ಟು ಸಿಟ್ಟು ಬಂತು. "ಎಲ್ಲಿ ಮಾಡ್ಸಿದ್ರಿ? ಯಾವ ಡಾಕ್ಟ್ರು?" ಎಂದರೆ ಹೆಂಡತಿಯ ಕಡೆ ನೋಡಿದ. ಹೊಲಿಗೆ ತೋರಿಸಮ್ಮ ಎಂದರೆ ಅವಳು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಗಂಡ ಹೆಂಡತಿ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಎಂಬುದಂತೂ ಖಾತ್ರಿಯಾಯಿತು.

ಅಷ್ಟರಲ್ಲಿ ತಾಯಿ ಮಗನ ಮೇಲೆ ರೇಗಿದಳು. "ಲೋ, ಹೆಂಡ್ತಿ ಮಲಗಿದಾಳೆ ಅಂತ ನೀನೂ ಕೆಲಸಕ್ಕೆ ಚಕ್ಕರ್ ಹೊಡ್ಕೊಂಡ್ ಕೂತಿದೀಯಲ್ಲ. ನಲ್ಲಿ ನಿಲ್ಲೋ ಹೊತ್ತಾಯ್ತು, ಹೋಗಿ ಕೊಡ ತಗೊಂಡ್ ಬಾ."

ಅವನು ಗೋಡೆ ಹಿಡಿದು ಎದ್ದ. ಕಾಲು ಅಗಲಿಸಿಕೊಂಡು ಅಂಗಳದ ನಲ್ಲಿಯ ತನಕ ಹೋದ. ತುಂಬಿದ ಕೊಡಕ್ಕೆ ಬಗ್ಗಿದವನು ಮುಖ ಕಿವುಚಿದ.

ಹೆಂಡತಿ ಕಂಬಳಿ ಕಿತ್ತೆಸೆದು ಓಡಿದಳು. "ಎತ್ಬೇಡಿ, ಎತ್ಬೇಡಿ!" ಎನ್ನುತ್ತಾ ಕೊಡವನ್ನು ತನ್ನ ಸೊಂಟಕ್ಕೇರಿಸಿಕೊಂಡಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಸಿಕ್ಕದೆ ನಿಂತುಬಿಟ್ಟಳು.

ಅತ್ತೆ ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು. ಕತ್ತಿ ಬಿದ್ದಿದ್ದು ಯಾರಿಗೆ ಎಂಬುದು ಅವಳಿಗೂ ನನಗೂ ಒಟ್ಟಿಗೇ ಹೊಳೆಯಿತು. ಈಗ ದೊಡ್ಡ ರಾದ್ಧಾಂತವಾಗುತ್ತದೆ ಎಂದು ಹೆದರಿ ನಾನು ಸೊಸೆಯ ಪಕ್ಕಕ್ಕೆ ಹೋಗಿ ನಿಂತೆ.

ಮುದುಕಿ ಬಂದು ಸೊಸೆಯ ಸೊಂಟದಿಂದ ಕೊಡ ಇಳಿಸಿಕೊಂಡು, ತಾನೇ ಹೊತ್ತು ಒಳಗಿಟ್ಟಳು. ಆಮೇಲೆ ನನ್ನ ಹತ್ತಿರ ಬಂದು, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ ಕೇಳಿದಳು. "ಅವನು ಎಷ್ಟು ದಿನ ಭಾರ ಎತ್ಬಾರ್ದು?"

"ಒಂದು ವಾರ" ಎಂದೆ.

"ವಠಾರದಲ್ಲಿ ಯಾರಾದ್ರೂ ಕೇಳಿದ್ರೆ, ಆಗಿದ್ದು ಸೊಸೆಗೇ. ನೀವೂ ಹಂಗೇ ಹೇಳ್ಬೇಕು."