ಕೆಳಗಿನ ಮನೆಯಿಂದ ಬಂದ ತಟ್ಟೆ

ಗೋದಾಬಾಯಿ ಧಾರವಾಡ ಬಿಟ್ಟು ಪಣಜಿಯ ಮಗನ ಮನೆಗೆ ಬಂದದ್ದು ಗಂಡ ತೀರಿಕೊಂಡ ಮರುವರ್ಷ, ಎರಡು ಸಾವಿರದ ಎರಡರಲ್ಲಿ. ಮಗ ವಸಂತ, ಸೊಸೆ ಮೃದುಲಾ ಬೆಳಿಗ್ಗೆ ಆಫೀಸಿಗೆ ಹೋದರೆ, ಮೊಮ್ಮಗ ನಿಖಿಲ ಶಾಲೆಯಿಂದ ಬರುವವರೆಗೆ ಮನೆಯಲ್ಲಿ ಆಕೆಯೊಬ್ಬಳೇ. ಆ ಕಟ್ಟಡದಲ್ಲಿ ಆಕೆಯೊಡನೆ ಕೂತು ಕನ್ನಡ ಮಾತಾಡುವವಳೆಂದರೆ ಕೆಳಗಿನ ಮನೆಯ ಕ್ಲೋತಿಲ್ದಾ. ಗಂಡ ರೈಲ್ವೆಯಲ್ಲಿದ್ದಾಗ ಹದಿನೈದು ವರ್ಷ ಹುಬ್ಬಳ್ಳಿಯಲ್ಲಿದ್ದವಳು, ಈಗ ಅವಳೂ ವಿಧವೆ. ಮಧ್ಯಾಹ್ನ ಮೂರಕ್ಕೆ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಮೊಣಕಾಲು ನೋವು, ಸೊಸೆಯಂದಿರು, ಹುಬ್ಬಳ್ಳಿ ದುರ್ಗದಬೈಲಿನ ಮಿರ್ಚಿ ಭಜಿ, ಮಾತಿಗೇನೂ ಬರವಿರಲಿಲ್ಲ. ಗೋದಾಬಾಯಿ ಚಹಾ ಕೊಡುತ್ತಿದ್ದಳು. ಅವಳಿಗೆಂದು ಕಪ್ಪು ಮಾತ್ರ ಬೇರೆ ಇಟ್ಟಿದ್ದಳು.

ದೀಪಾವಳಿಗೆ ಮೇಲಿನಿಂದ ಚಕ್ಕುಲಿ, ಬೇಸನ್ ಉಂಡಿ ಕೆಳಗಿಳಿಯುತ್ತಿದ್ದವು. ಕ್ರಿಸ್‌ಮಸ್ಸಿಗೆ ಕೆಳಗಿನಿಂದ ತಟ್ಟೆ ಬರುತ್ತಿತ್ತು. ಅದರಲ್ಲಿ ಕೇಕು, ಕರ್ಜಿಕಾಯಿಯಂಥ ನೇವರಿ, ಬೆಲ್ಲ-ತೆಂಗಿನಹಾಲು ಕಾಯಿಸಿ ಮಾಡಿದ ದೊದೋಲ. "ಭಾಳ ತ್ರಾಸ ತಗೊಂಡೀರಿ" ಎನ್ನುತ್ತ ಗೋದಾಬಾಯಿ ನಗುತ್ತಲೇ ಇಸಿದುಕೊಳ್ಳುತ್ತಿದ್ದಳು. ಕ್ಲೋತಿಲ್ದಾ ಇಳಿದುಹೋದ ಮೇಲೆ ಎಲ್ಲವನ್ನೂ ಚೀಲಕ್ಕೆ ಸುರಿದು ಕೆಲಸದ ಗೌರಿಬಾಯಿಗೆ ಕೊಟ್ಟು, ತಟ್ಟೆಯನ್ನು ಎರಡು ಸಲ ತೊಳೆಯುತ್ತಿದ್ದಳು. "ಅವರ ಮನಿದು ಹೊಲಸ, ನಮಗ ನಡಿಯೂದಿಲ್ಲ" ಎಂದು ನಿಖಿಲನಿಗೂ ಹೇಳಿದ್ದಳು.

ನಿಖಿಲನಿಗೆ ಎಂಟು ವರ್ಷವಾದಾಗಿನ ಕ್ರಿಸ್‌ಮಸ್. ಕ್ಲೋತಿಲ್ದಾಳ ಮೊಮ್ಮಗಳು ವೆನೆಸಾಗೆ ಹಡಗಿನಲ್ಲಿದ್ದ ಅಪ್ಪ ಸ್ಕೆಚ್ ಪೆನ್ನುಗಳ ದೊಡ್ಡ ಡಬ್ಬಿ ಕಳಿಸಿದ್ದ. ಹುಡುಗರಿಬ್ಬರೂ ಮೆಟ್ಟಿಲ ಮೇಲೆ ಕೂತು ಪೆನ್ನು ಪಾಲು ಮಾಡಿಕೊಂಡರು. ನಿಖಿಲ ಒಳಗಿಂದ ಗೋದಿ-ಬೆಲ್ಲದ ಸಿಹಿಪುಡಿ, ಧಾರವಾಡದ ಮಾದಲಿ ತಂದುಕೊಟ್ಟ. ಅವಳು ಅಂಥದ್ದನ್ನು ಕಂಡವಳಲ್ಲ. ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡಳು, ಪುಡಿ ನೆತ್ತಿಗೇರಿ ಕೆಮ್ಮಿದಳು, ನಕ್ಕಳು, ಮತ್ತೆ ಕೈಯೊಡ್ಡಿದಳು. ಆಮೇಲೆ ತನ್ನ ದೊದೋಲ ಮುರಿದು ಅವನ ಮುಂದೆ ಹಿಡಿದಳು.

ನಿಖಿಲ ಕೈ ಹಿಂದೆ ಕಟ್ಟಿಕೊಂಡ. ನಿಮ್ಮ ಮನೆಯದು ಹೊಲಸು, ನಮ್ಮಜ್ಜಿ ಅದನ್ನೆಲ್ಲ ಕೆಲಸದವಳಿಗೆ ಕೊಟ್ಟು ತಟ್ಟೆ ಎರಡು ಸಲ ತೊಳೆಯುತ್ತಾಳೆ ಎಂದು ಕೊಂಕಣಿಯಲ್ಲಿ ಹೇಳಿದ.

ಬಾಗಿಲ ಸಂದಿಯಲ್ಲಿ ನಿಂತಿದ್ದ ಗೋದಾಬಾಯಿಗೆ ಅಷ್ಟು ಕೊಂಕಣಿ ತಿಳಿಯುತ್ತಿತ್ತು. ನಾಲ್ಕು ಮೆಟ್ಟಿಲು ಕೆಳಗೆ, ಆ ವರ್ಷದ ತಟ್ಟೆ ಹಿಡಿದು ಹತ್ತುತ್ತಿದ್ದ ಕ್ಲೋತಿಲ್ದಾ ನಿಂತೇಬಿಟ್ಟಿದ್ದಳು. ಅವಳು ಮೊಮ್ಮಗಳ ಕೈ ಹಿಡಿದು ತಟ್ಟೆಯ ಸಮೇತ ಹಿಂದಿರುಗಿದಳು. ಗೋದಾಬಾಯಿ ಹೊರಗೆ ಬರಲಿಲ್ಲ.

"ಯಾಕ ಹಂಗಂದಿ?" ಎಂದು ಮೊಮ್ಮಗನನ್ನು ಕೇಳಿದಳು.

"ನೀನ ಹೇಳಿದ್ಯಲ್ಲ, ಅಜ್ಜಿ?"

ಅವನ ಕೆನ್ನೆಗೆ ಹೊಡೆದಳು. ಅದೇ ಮೊದಲು.

ಮೂರು ದಿನ ಮೂರು ಗಂಟೆಗೆ ಚಹಾ ಕುದಿಸಿ ಕಾದಳು. ನಾಲ್ಕನೆಯ ದಿನ ತಾನೇ ಇಳಿದುಹೋದಳು. ಕ್ಲೋತಿಲ್ದಾ ಕುರ್ಚಿ ಕೊಟ್ಟಳು, ಚಹಾ ಬೇಕೇ ಎಂದು ಕೇಳಲಿಲ್ಲ.

"ಹುಡುಗರ ಮಾತು, ಮನಸಿನಾಗ ಇಟ್ಕೋಬ್ಯಾಡ್ರಿ" ಎಂದಳು ಗೋದಾಬಾಯಿ.

"ಹುಡುಗ ಸುಳ್ಳ ಹೇಳ್ಯಾನೇನ್ರಿ?"

ಗೋದಾಬಾಯಿ ಸೆರಗು ಸರಿಮಾಡಿಕೊಂಡಳು.

"ನಮಗ ಬ್ಯಾಡ ಅಂತ ಒಂದ ಮಾತ ಹೇಳಿದ್ರ ಮುಗೀತಿತ್ತು. ನಾ ಏನೂ ಅಂತಿರಲಿಲ್ರಿ. ನಕ್ಕೋತ ಇಸ್ಕೊಂಡ್ರಲ್ಲ, ಅದ..." ಕ್ಲೋತಿಲ್ದಾ ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋದಳು. ಗೋದಾಬಾಯಿ ಎದ್ದು ಮೇಲೆ ಬಂದಳು.

ಮರುವರ್ಷ ಕ್ರಿಸ್‌ಮಸ್ಸಿಗೆ ವಾಚ್‌ಮನ್ ಯಮನೂರಪ್ಪ ತಟ್ಟೆ ತಂದುಕೊಟ್ಟ. ಅದರಲ್ಲಿ ಆರು ಬಾಳೆಹಣ್ಣು, ಒಂದು ತೆಂಗಿನಕಾಯಿ.

"ಚಲೋ ಆತು, ಈ ಸಲ ನಾವೂ ತಿನಬಹುದು" ಎಂದು ವಸಂತ ಒಂದು ಹಣ್ಣು ಸುಲಿದ. ಗೋದಾಬಾಯಿ ಮುಟ್ಟಲಿಲ್ಲ. ನಾಲ್ಕು ವರ್ಷ ಹಾಗೆಯೇ ಹಣ್ಣು, ಕಾಯಿ ಬಂದವು. ನಿಖಿಲ, ವೆನೆಸಾ ಒಂದೇ ಶಾಲಾ ಬಸ್ಸಿಗೆ ಕಾಯುವಾಗ ದೂರ ದೂರ ನಿಲ್ಲುತ್ತಿದ್ದರು.

ಎರಡು ಸಾವಿರದ ಹತ್ತರಲ್ಲಿ ವಸಂತ ಹೊಳೆಯಾಚೆಯ ಪರ್ವರಿಯಲ್ಲಿ ಸ್ವಂತ ಫ್ಲ್ಯಾಟ್ ಕೊಂಡ. ಸಾಮಾನು ತುಂಬಿದ ಟೆಂಪೋ ಹೊರಟಾಗ ಕ್ಲೋತಿಲ್ದಾ ಗೇಟಿನ ಹತ್ತಿರ ನಿಂತಿದ್ದಳು. ಗೋದಾಬಾಯಿ ಕುಂಟುತ್ತ ಹೋಗಿ ಅವಳ ಮುಂದೆ ನಿಂತಳು.

"ಬರ್ತೀನ್ರಿ" ಎಂದಳು.

"ಹೋಗ್ರಿ" ಎಂದಳು ಕ್ಲೋತಿಲ್ದಾ.