ಚಾರ್ಜಿಗೆ ಹಾಕಿದ ಫೋನು

ಇವತ್ತು ಬೆಳಿಗ್ಗೆ ಕುಮಟಾ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರೋ ಫೋನನ್ನು ಚಾರ್ಜಿಗೆ ಹಾಕಿ ಕೈ ತೊಳೆಯಲು ಹೋದರು. ನನಗೋ ಬಂಗಡೆ ಮೀನು ಹುರಿಯುವ ವಾಸನೆ ಬಂತು. ನಗಬೇಡಿ. ಅದು ಶುದ್ಧ ಸಸ್ಯಾಹಾರಿ ಹೋಟೆಲು. ನನ್ನ ಮೂಗು ಹೋಗಿದ್ದು ಭಟ್ಕಳದ ಜುಬೇದಾಳ ಅಡುಗೆಮನೆಗೆ.

ಆಗ ನಾನು ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಮನೆಯಲ್ಲೇ ತಿಂಡಿ ಮಾಡಿ ಮಾರುವ ಹೆಂಗಸರಿಗೆಂದು ಒಂದು ಆ್ಯಪ್ ಮಾಡಿದ್ದೆ. ಜುಬೇದಾಳೇ ಮೊದಲ ಗಿರಾಕಿ. ಅವಳು ತೆಗೆದ ತಿಂಡಿಯ ಫೋಟೋಗಳನ್ನು ಆ್ಯಪ್ ತಾನಾಗಿಯೇ, ಸದ್ದಿಲ್ಲದೆ ಕೊಳ್ಳುವವರಿಗೆ ಕಳಿಸಬೇಕು. ಯಾವಾಗ? ಅವಳಿಗೆ ತೊಂದರೆ ಆಗಬಾರದಲ್ಲ. ಫೋನು ಚಾರ್ಜಿನಲ್ಲಿರಲಿ, ಮನೆಯ ವೈಫೈ ಇರಲಿ, ಅಂಥ ಹೊತ್ತಿನಲ್ಲಿ ಅದಕ್ಕೆ ಬೇರೆ ಕೆಲಸವೇನು ಎಂದು ನಿಯಮ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರಲ್ಲ, ಹಾಗಾಯಿತು.

ಒಂದು ಸಂಜೆ ಜುಬೇದಾ ಮೆಟ್ಟಿಲ ಬುಡದಿಂದಲೇ ಕೂಗಿದಳು. "ಅಕ್ಕಾ, ನಿಮ್ಮ ಆ್ಯಪ್ ತೆಗೆದುಬಿಡ್ತೇನೆ. ಅದು ಬಂದಾಗಿಂದ ಇವರ ಮುಖ ನಿಂತು ನಿಂತು ಹೋಗ್ತದೆ."

'ಇವರು' ಅಂದರೆ ದುಬೈಯ ಅಂಗಡಿಯಲ್ಲಿ ದುಡಿಯುವ ಗಂಡ. ಇಳಿದು ಹೋದೆ. ಫೋನು ಉಪ್ಪಿನ ಭರಣಿಗೆ ಒರಗಿ ನಿಂತಿತ್ತು. ದಿನಾ ಸಂಜೆ ವಿಡಿಯೊ ಕಾಲ್ ಅಂತೆ. ಬ್ಯಾಟರಿ ತಡೆಯುವುದಿಲ್ಲವೆಂದು ಚಾರ್ಜಿಗೆ ಹಾಕಿಯೇ ಮಾಡುವುದು. ನನ್ನ ಜಾಣ ಆ್ಯಪ್ ಸರಿಯಾಗಿ ಅದೇ ಹೊತ್ತಿಗೆ ಫೋಟೋಗಳ ಮೂಟೆ ಹೊತ್ತು ಹೊರಡುತ್ತಿತ್ತು. ಆ ಬಡ ವೈಫೈಯಲ್ಲಿ ಗಂಡನ ಮುಖಕ್ಕೆಲ್ಲಿ ದಾರಿ?

"ಇಬ್ಬರೂ ಅಷ್ಟು ಹೊತ್ತು ಎಂತ ಮಾತಾಡ್ತೀರಿ ಮಾರಾಯ್ತಿ?" ಎನ್ನುತ್ತ ಆ್ಯಪ್ ನಿಲ್ಲಿಸಿದೆ.

"ಮಾತೆಂತ ಇಲ್ಲಕ್ಕಾ. ನಾನು ಮೀನು ಹುರಿತೇನೆ, ಅವರು ನೋಡ್ತಾರೆ. ಅವರು ಊರಿಗೆ ಬರೂವರೆಗೆ ಇದೇ ನಮ್ಮ ಸಂಸಾರ."

ಫೋನಿನಲ್ಲಿ ನಿಂತುಹೋಗಿದ್ದ ಗಂಡನ ಮುಖ ಅಲ್ಲಾಡಿತು. ಕಡಲಾಚೆಯ ಆ ಮನುಷ್ಯ ಬಂಗಡೆ ಮಗುಚುವುದನ್ನು ಸುಮ್ಮನೆ ನೋಡುತ್ತ ಕೂತ. ಇವಳು ಅವನಿಗೆ ಕಾಣಲೆಂದು ಬಾಣಲೆಯನ್ನು ಕೊಂಚ ಓರೆ ಮಾಡಿದಳು. ಇಬ್ಬರೂ ಫೋನು ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಬಿಡುವಾಗಿದೆ ಎಂದು ನಾನು ತೀರ್ಮಾನಿಸಿದ್ದ ಫೋನಿನೊಳಗೆ ಒಂದು ಸಂಸಾರವೇ ನಡೆದಿತ್ತು. ಬೆರಗಿನಿಂದ ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ನಿಯಮ ತಿದ್ದಿದೆ. ಸ್ಕ್ರೀನು ಆರಿ, ಫೋನು ಪೂರ್ತಿ ಮಲಗಿದ ಮೇಲಷ್ಟೇ ಕೆಲಸ.

ಕೆಲವು ದಿನ ಬಿಟ್ಟು ಜುಬೇದಾ ಹೇಳಿದಳು: "ನಿನ್ನೆ ಅವರು ಕಾಲ್‌ನಲ್ಲೇ ನಿದ್ದೆ ಹೋದ್ರು, ಪಾಪ. ನಾನು ಕಟ್ ಮಾಡಲಿಲ್ಲ, ಉಸಿರು ಕೇಳ್ತಾ ಪಾತ್ರೆ ತೊಳೆದೆ. ಅಂಥ ಹೊತ್ತಲ್ಲಿ ನಿಮ್ಮ ಆ್ಯಪ್ ಕೆಲಸ ಮಾಡ್ಕೊಂಡ್ರೆ ಅಡ್ಡಿಲ್ಲ ಅಕ್ಕಾ."

"ಬೇಡ, ಅದು ಕಾಯಲಿ," ಅಂದೆ.

ಈಗಲೂ ಕಾಯುತ್ತದೆ. ಫೋಟೋ ತಡವಾಯಿತೆಂದು ಯಾರಾದರೂ ಗೊಣಗಿದರೆ, ಯಾವುದೋ ಮನೆಯಲ್ಲಿ ಯಾರೋ ಯಾರನ್ನೋ ನೋಡುತ್ತಿದ್ದಾರೆ ಅಂದುಕೊಂಡು ನಾನೂ ಕಾಯುತ್ತೇನೆ.